ಮೆಲುಕು ಹಾಕುವ ಪ್ರಾರ್ಥನೆ

ಗೋಣಿಬೀಡು, ಮೂಡಿಗೆರೆ, ಕಳಸದ ಕಡೆಯ ಕ್ರೈಸ್ತ ಮನೆಗಳಲ್ಲಿ ‘ಧ್ಯಾನಕ್ಕೆ ಹೋಗಿದ್ದಾರೆ’ ಎಂದರೆ ಅವರು ಊರಲ್ಲಿಲ್ಲ ಎಂದು ಅರ್ಥ. ಬ್ಯಾಗು ಕಟ್ಟಿ, ಬಸ್ಸು ಹತ್ತಿ, ಯಾವುದೋ ಧ್ಯಾನಕೇಂದ್ರದಲ್ಲಿ ಮೂರೋ ಐದೋ ದಿನ ಇದ್ದು, ಪ್ರವಚನ ಕೇಳಿ, ಹಾಡಿ, ಅತ್ತು ಹಗುರಾಗಿ ಬರುವುದಕ್ಕೆ ಆ ಹೆಸರು. ಅಲ್ಲಿ ಮೌನಕ್ಕಿಂತ ಮೈಕಿನ ಸದ್ದೇ ಹೆಚ್ಚು ಎಂಬುದು ಬೇರೆ ಮಾತು. ಹಿಂದಿರುಗಿ ಬಂದು ಮಾರನೆಯ ಬೆಳಿಗ್ಗೆ ತೋಟಕ್ಕಿಳಿದರೆ ಧ್ಯಾನ ಮುಗಿದ ಹಾಗೆ. ಅದೇ ಮನೆಗಳಲ್ಲಿ, ಸಂಜೆ ಕೈಕಾಲು ತೊಳೆದು, ಜಪಸರ ಹಿಡಿದು ಕುಳಿತು, ಐವತ್ತು ಸಲ ‘ನಮೋ ಮರಿಯೆ’ ಹೇಳುವುದು ತಲೆಮಾರುಗಳಿಂದ ನಡೆದುಬಂದಿದೆ. ಇದನ್ನು ಮಾತ್ರ ಯಾರೂ ಧ್ಯಾನ ಎನ್ನುವುದಿಲ್ಲ. ಇದು ಬರೀ ‘ಪ್ರಾರ್ಥನೆ’, ಕೊಂಕಣಿ ಮನೆಯಾದರೆ ‘ತೇರ್ಸ್’. ಹೆಸರುಗಳು ಅದಲುಬದಲಾಗಿವೆ ಎಂಬುದು ಈ ಲೇಖನದ ವಾದ. ಕ್ರೈಸ್ತ ಪರಂಪರೆ ಶತಮಾನಗಳ ಕಾಲ ಧ್ಯಾನವೆಂದು ಕರೆದದ್ದು, ಕೆಲಸ ಬಿಟ್ಟು ಎಲ್ಲಿಗೋ ಹೋಗಿ ಮಾಡುವುದನ್ನಲ್ಲ. ದುಡಿಯುವ ಕೈಯ ಪಕ್ಕದಲ್ಲೇ, ಬಾಯಲ್ಲಿ ನಾಲ್ಕು ಮಾತು ಗುನುಗುತ್ತ ಮಾಡುವುದನ್ನು. ಹಾಗೆ ನೋಡಿದರೆ ಕಾಫಿ ಸೀಮೆಯ ದಿನಚರಿಗೆ ಧ್ಯಾನವನ್ನು ಹೊಸದಾಗಿ ತಂದು ನೆಡಬೇಕಾಗಿಲ್ಲ. ಇರುವ ಗಿಡಕ್ಕೆ ಸುತ್ತಿದ ಬಳ್ಳಿ ಬಿಡಿಸಿದರೆ ಸಾಕು.

ಮೊದಲು ಪದದ ವಿಚಾರ. ಬೈಬಲಿನ ಮೊದಲನೆಯ ಕೀರ್ತನೆಯಲ್ಲಿ, ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ವರ್ಣನೆ ಬರುತ್ತದೆ. ಅಲ್ಲಿ ಮೂಲ ಹೀಬ್ರೂವಿನಲ್ಲಿರುವ ಕ್ರಿಯಾಪದ ‘ಹಾಗಾ’. ಯೆಶಾಯನ ಗ್ರಂಥದಲ್ಲಿ ಅದೇ ಪದ, ಬೇಟೆಯನ್ನು ಕಾಲಡಿಯಲ್ಲಿಟ್ಟುಕೊಂಡು ಸಿಂಹ ಗುರುಗುಟ್ಟುವುದಕ್ಕೂ, ಪಾರಿವಾಳ ಗಂಟಲಲ್ಲೇ ನರಳುವುದಕ್ಕೂ ಬಳಕೆಯಾಗಿದೆ. ಅಂದರೆ ಧ್ಯಾನ ಶುರುವಾಗುವುದು ತುಟಿಯಲ್ಲಿ, ಗಂಟಲಲ್ಲಿ. ಕಂಠಪಾಠವಾದ ಮಾತನ್ನು ಮತ್ತೆ ಮತ್ತೆ ಮೆಲುದನಿಯಲ್ಲಿ ಹೇಳಿಕೊಳ್ಳುವುದೇ ಅದರ ಮೊದಲ ರೂಪ. ಲ್ಯಾಟಿನ್ ಬಲ್ಲ ಸನ್ಯಾಸಿಗಳು ಇದಕ್ಕೆ ಇನ್ನೊಂದು ಹೆಸರಿಟ್ಟರು: ‘ರೂಮಿನಾತಿಯೋ’. ಹಸು ಮಾಡುವ ಕೆಲಸ ಅದು. ಅದನ್ನು ಇಂಗ್ಲಿಷಿನವರಿಗೆ ವಿವರಿಸಿ ಹೇಳಬೇಕಾಗುತ್ತದೆ, ನಮಗೆ ಬೇಕಿಲ್ಲ. ‘ಮೆಲುಕು ಹಾಕು’ ಎಂದರೆ ಕನ್ನಡಿಗರಿಗೆ ದನದ ಬಾಯಿಯೂ ಕಣ್ಣ ಮುಂದೆ ಬರುತ್ತದೆ, ನೆನಪಿನ ಕೆಲಸವೂ ಹೊಳೆಯುತ್ತದೆ. 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗೀಗೋ, ಓದು, ಧ್ಯಾನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲಿನ ಏಣಿಯೊಂದನ್ನು ವಿವರಿಸುವಾಗಲೂ ಬಳಸಿದ್ದು ಊಟದ ಹೋಲಿಕೆಯನ್ನೇ. ಅದರಲ್ಲಿ ಧ್ಯಾನಕ್ಕೆ ಸಿಕ್ಕ ಪಾಲು ಅಗಿಯುವುದು. ಮೇಯುವುದಕ್ಕೆ ಹುಲ್ಲುಗಾವಲು ಬೇಕು, ಮೆಲುಕಿಗೆ ಬೇಡ. ಕೊಟ್ಟಿಗೆಯಲ್ಲಿ ಮಲಗಿಯೂ ಆದೀತು, ಮರದ ನೆರಳಲ್ಲಿ ನಿಂತೂ ಆದೀತು.

ಈ ಮೆಲುಕನ್ನು ಒಂದು ಸಾಧನೆಯಾಗಿ ರೂಪಿಸಿದವರು ಬಿಡುವಾಗಿ ಕುಳಿತ ಜನರಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡು ಸೇರಿದ ತಾಪಸರು ತಾಳೆಗರಿ ನೆನೆಸಿ ಹಗ್ಗ ಹೊಸೆದರು, ಬುಟ್ಟಿ ಹೆಣೆದು ಮಾರಿದರು, ಸುಗ್ಗಿಯಲ್ಲಿ ನೈಲ್ ಬಯಲಿನ ಹೊಲಗಳಿಗೆ ಕೂಲಿ ಕೊಯ್ಲಿಗೂ ಇಳಿದರು. ಅವರಲ್ಲಿ ಹಿರಿಯನಾದ ಅಂತೋಣಿಯ ಬಗ್ಗೆ (ಮಂಗಳವಾರದ ನವೇನದ ಪಾದುವಾ ಅಂತೋಣಿ ಇವರಲ್ಲ, ಅವರು ಬಹಳ ಈಚಿನವರು) ಒಂದು ಕತೆಯಿದೆ. ಬೇಸರ ಹತ್ತಿ, ಮನಸ್ಸು ಚೆದುರಿ, ಇನ್ನು ಉಳಿಯುವುದು ಹೇಗೆ ಎಂದು ಕೇಳಿದಾಗ ಅವರಿಗೆ ತಮ್ಮಂತೆಯೇ ಇರುವ ಒಬ್ಬ ಕಾಣಿಸಿದನಂತೆ. ಆತ ಕುಳಿತು ಹಗ್ಗ ಹೊಸೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹೊಸೆಯುತ್ತಾನೆ. ಆತ ದೇವದೂತ, ಉತ್ತರವೂ ಅಷ್ಟೇ. ಈ ತಾಪಸರ ಬಳಿ ವರ್ಷಗಟ್ಟಲೆ ಕಲಿತು ಮಾರ್ಸೇಲ್ಸಿಗೆ ಹೋದ ಜಾನ್ ಕಾಸಿಯನ್, ತನ್ನ ಹತ್ತನೆಯ ಸಂವಾದದಲ್ಲಿ ಒಂದು ಉಪಾಯ ಬರೆದಿಟ್ಟ. ದೇವರ ನೆರವು ಬೇಡುವ 70ನೇ ಕೀರ್ತನೆಯ ಮೊದಲ ಸಾಲೊಂದನ್ನೇ ಹಿಡಿದುಕೊಂಡು, ಉಣ್ಣುವಾಗ, ದುಡಿಯುವಾಗ, ನಡೆಯುವಾಗ, ನಿದ್ದೆಗೆ ಜಾರುವಾಗಲೂ ಅದನ್ನೇ ನುಡಿಯುವುದು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮಾವಳಿ ದಿನವನ್ನು ಕೈಕೆಲಸಕ್ಕೂ ಓದಿಗೂ ಹಂಚಿತು. ಉಗ್ರಾಣಿಯಾದವನು ಮಠದ ಪಾತ್ರೆಪಡಗ, ಸಲಕರಣೆಗಳನ್ನೆಲ್ಲ ಪೂಜಾಪೀಠದ ಪಾತ್ರೆಗಳಂತೆ ಕಾಣಬೇಕೆಂದಿತು. ವರ್ಷಕ್ಕೊಮ್ಮೆ ಪಲ್ಪರಿಗೂ ಜೀಪಿಗೂ ಮರಗಸಿ ಕತ್ತಿಗೂ ಹೂವಿಟ್ಟು ಆಯುಧಪೂಜೆ ಮಾಡುವ ಸೀಮೆಗೆ ಈ ಮಾತು ಹೊಸದೆನಿಸಲಾರದು. ಬೆನೆಡಿಕ್ಟ್ ಅದನ್ನು ವರ್ಷದ ಎಲ್ಲ ದಿನಕ್ಕೂ ಹಚ್ಚಿದ್ದಾರೆ, ಅಷ್ಟೇ. ಇನ್ನು 17ನೇ ಶತಮಾನದ ಪ್ಯಾರಿಸಿನಲ್ಲಿ, ಕಾರ್ಮೆಲ್ ಸಭೆಯ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಅವರಿಗೆ ಅಡುಗೆಯೆಂದರೆ ಹುಟ್ಟಾ ಅಲರ್ಜಿ. ಆದರೂ ದೇವರ ಸನ್ನಿಧಿಯನ್ನು ಅವರು ಅಭ್ಯಾಸ ಮಾಡಿಕೊಂಡದ್ದು ಆ ಒಲೆಯ ಮುಂದೆಯೇ. ಇಷ್ಟವಾದ ಕೆಲಸದಲ್ಲಿ ಮಾತ್ರ ಧ್ಯಾನ ಕೂಡುತ್ತದೆ ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು.

ಈಗ ಘಟ್ಟದ ಮೇಲಕ್ಕೆ ಬರೋಣ. ಕಾಫಿ ತೋಟಗಳು ಬೆಳೆದಂತೆ ದಕ್ಷಿಣ ಕನ್ನಡದ ಕೊಂಕಣಿ ಕಥೋಲಿಕರು ರೈಟರಾಗಿ, ಬಡಗಿಗಳಾಗಿ, ಮೆಕ್ಯಾನಿಕರಾಗಿ, ಕೊಯ್ಲಿನ ಆಳುಗಳಾಗಿ ಮೇಲೆ ಬಂದರು. ಕೆಲವರು ತೋಟದ ಒಡೆಯರೂ ಆದರು. ಕನ್ನಡ, ತಮಿಳು ಮಾತಾಡುವ ಕ್ರೈಸ್ತರೂ ಜೊತೆಯಾದರು. ಮೈಸೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾದದ್ದು 1963ರಲ್ಲಿ. ತೋಟದ ಮನೆಗಳು ಒಂದಕ್ಕೊಂದು ದೂರ. ಚರ್ಚು ಇನ್ನೂ ದೂರ. ಭಾನುವಾರದ ಬಲಿಪೂಜೆ ಬಿಟ್ಟರೆ ಉಳಿದ ಆರು ದಿನದ ಭಕ್ತಿಯನ್ನು ಮನೆಯೇ ಸಂಭಾಳಿಸಬೇಕಿತ್ತು, ಅದಕ್ಕೆ ಇದ್ದದ್ದು ತೇರ್ಸ್. ಪೋರ್ಚುಗೀಸಿನಲ್ಲಿ ‘ಮೂರನೆಯ ಒಂದು ಭಾಗ’ ಎಂಬರ್ಥದ ಪದದಿಂದ ಆ ಹೆಸರು ಹುಟ್ಟಿದೆ. 150 ಕೀರ್ತನೆಗಳನ್ನು ಓದಲಾರದ ಜನ ಅವುಗಳ ಬದಲಿಗೆ 150 ನಮೋ ಮರಿಯೆ ಹೇಳಿದರು. ದಿನಕ್ಕೆ ಮೂರರಲ್ಲೊಂದು ಪಾಲು, ಅಂದರೆ ಐವತ್ತು. (2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು 200 ಆಯಿತು. ಲೆಕ್ಕದ ಪ್ರಕಾರ ಈಗಿನದು ಕಾಲು ಭಾಗ. ಹೆಸರು ಮಾತ್ರ ಮೂರರಲ್ಲೊಂದೇ.) ಓದುಬರಹ ಬಾರದವರ ಕೀರ್ತನೆ ಗ್ರಂಥ ಅದು, ಬೆರಳಲ್ಲಿ ಓದುವಂಥದ್ದು. ಪ್ರತಿ ಹತ್ತು ಮಣಿಗೆ ಯೇಸುವಿನ ಇಲ್ಲವೇ ಮರಿಯಮ್ಮನ ಬದುಕಿನ ಒಂದು ಘಟನೆಯನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳಬೇಕು. ಬಾಯಿಗೆ ಒಂದು ಕೆಲಸ, ಬೆರಳಿಗೆ ಒಂದು, ಮನಸ್ಸಿಗೆ ಇನ್ನೊಂದು. ಕೊನೆಗೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಬೇಡುತ್ತಾರೆ, ಹಿರಿಯರು ಹರಸುತ್ತಾರೆ, ಆಮೇಲೆ ಊಟ. ಕಾಸಿಯನ್ ಹೇಳಿದ ಪುನರುಕ್ತಿ, ಗೀಗೋ ಹೇಳಿದ ಅಗಿಯುವಿಕೆ, ಬೆನೆಡಿಕ್ಟರ ದಿನವಿಂಗಡಣೆ ಎಲ್ಲವೂ ಈ ಅರ್ಧ ಗಂಟೆಯಲ್ಲಿ ಇವೆ.

ಇದ್ದೂ ಇಲ್ಲದಂತಾಗಿರುವುದು ಗಮನ. ಅದನ್ನು 20ನೇ ಶತಮಾನದಲ್ಲಿ ಸಿಮೋನ್ ವೇಯ್ಲ್ ಅವರಷ್ಟು ನಿಷ್ಠುರವಾಗಿ ನೋಡಿದವರು ವಿರಳ. ಫ್ರಾನ್ಸಿನ ಯಹೂದಿ ಮನೆತನದಲ್ಲಿ ಹುಟ್ಟಿದ, ತತ್ವಶಾಸ್ತ್ರದ ಉಪಾಧ್ಯಾಯಿನಿಯಾಗಿದ್ದ ಈಕೆ, ಕ್ರಿಸ್ತನಿಗೆ ಮನಸೋತರೂ ಚರ್ಚಿನ ಹೊಸ್ತಿಲಾಚೆಯೇ ನಿಂತವರು. 1941ರ ಶರತ್ಕಾಲದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ಕೊಯ್ಲಿಗೆ ಕೂಲಿಯಾಗಿ ಹೋದರು. ಆ ದಿನಗಳಲ್ಲಿ ಪರಲೋಕ ಮಂತ್ರವನ್ನು ಗ್ರೀಕಿನಲ್ಲಿ ಬಾಯಿಪಾಠ ಮಾಡಿಕೊಂಡು, ದಿನಕ್ಕೊಮ್ಮೆ ಪೂರ್ತಿ ಗಮನವಿಟ್ಟು ಹೇಳುವ ನೇಮ ಹಿಡಿದರು. ನಡುವೆ ಮನಸ್ಸು ಕೂದಲೆಳೆಯಷ್ಟು ಜಾರಿದರೂ ಮತ್ತೆ ಮೊದಲಿನಿಂದ. ಬಳ್ಳಿಯ ಸಾಲಿನಲ್ಲಿ ಕೆಲಸ ಮಾಡುವಾಗಲೂ ಅದನ್ನೇ ಹೇಳಿಕೊಂಡರು. ಅಲ್ಲಿಯವರೆಗೆ ತಾನು ಪ್ರಾರ್ಥನೆ ಎಂಬುದನ್ನೇ ಮಾಡಿರಲಿಲ್ಲ ಎಂದು ಮರುವರ್ಷ ಒಬ್ಬ ಗುರುವಿಗೆ ಬರೆದ ಪತ್ರದಲ್ಲಿ ಅವರು ತಿಳಿಸಿದ್ದಾರೆ. ದ್ರಾಕ್ಷಿಯ ಸಾಲಿಗೂ ಕಾಫಿಯ ಸಾಲಿಗೂ ವ್ಯತ್ಯಾಸವಿದೆ, ನಿಜ. ಆದರೆ ಅರೇಬಿಕಾ ಕೊಯ್ಲಿನಲ್ಲಿ ಗೊಂಚಲಿನ ಕಾಯಿ, ದೋರೆ, ಹಣ್ಣುಗಳ ನಡುವೆ ಹಣ್ಣನ್ನಷ್ಟೇ ಬಿಡಿಸುವ ಕಣ್ಣು ಮತ್ತು ಬೆರಳಿಗೆ ಗಮನ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅದೇ ಗಮನ ಸಂಜೆ ಜಪಸರ ಹಿಡಿದಾಗ ಎಲ್ಲಿ ಹೋಗುತ್ತದೆ ಎಂಬುದೇ ಪ್ರಶ್ನೆ. ಹಣ್ಣನ್ನು ಒಂದೊಂದಾಗಿ ಬಿಡಿಸಿದ ಕೈಯೇ ಮಣಿಗಳನ್ನು ರೋಬಸ್ಟಾ ಎಳೆದಂತೆ ಸರಸರ ಎಳೆದುಬಿಡುತ್ತದೆ.

ಇಲ್ಲಿಯೇ ಮೊದಲ ಆಕ್ಷೇಪ ಎದುರಾಗುತ್ತದೆ, ಅದೂ ಕ್ರೈಸ್ತರ ಒಳಗಿನಿಂದಲೇ. ಹೇಳಿದ್ದನ್ನೇ ಹೇಳುವುದು ಬರೀ ಗಿಳಿಪಾಠವಲ್ಲವೇ? ಮಾತು ಹೆಚ್ಚಿದಷ್ಟೂ ದೇವರು ಕೇಳುತ್ತಾನೆಂಬ ಭ್ರಮೆ ಬೇಡವೆಂದು ಯೇಸುವೇ ಬೆಟ್ಟದ ಬೋಧನೆಯಲ್ಲಿ ಎಚ್ಚರಿಸಿಲ್ಲವೇ? ಪ್ರೊಟೆಸ್ಟಂಟರು ಜಪಸರವನ್ನು ಒಪ್ಪದಿರಲು ಇದೂ ಒಂದು ಕಾರಣ. ಆಕ್ಷೇಪ ಹಗುರವಾದುದಲ್ಲ. ಆದರೆ ಅದೇ ಮತ್ತಾಯನ ಶುಭಸಂದೇಶದಲ್ಲಿ, ಗೆತ್ಸೆಮನೆ ತೋಟದ ರಾತ್ರಿ ಯೇಸು ಮೂರನೆಯ ಬಾರಿಯೂ ಅದೇ ಮಾತುಗಳಿಂದ ಪ್ರಾರ್ಥಿಸಿದರೆಂದು ಬರೆದಿದೆ. ಎದೆ ಭಾರವಾದಾಗ ಮನುಷ್ಯನಿಗೆ ಹೊಸ ಮಾತು ಹುಟ್ಟುವುದಿಲ್ಲ. ಹಳೆಯ ಮಾತೇ ಮತ್ತೆ ಬರುತ್ತದೆ. ಹಾಗಾಗಿ ಯೇಸುವಿನ ಎಚ್ಚರಿಕೆ ಇರುವುದು, ಮಾತುಗಳ ರಾಶಿ ಹಾಕಿ ದೇವರನ್ನು ಒಲಿಸಿಕೊಳ್ಳಬಹುದೆಂಬ ವ್ಯಾಪಾರ ಬುದ್ಧಿಗೆ. ಪೋಪ್ ಆರನೆಯ ಪಾಲ್ 1974ರ ತಮ್ಮ ಪತ್ರದಲ್ಲಿ, ಧ್ಯಾನವಿಲ್ಲದ ಜಪಸರ ಪ್ರಾಣವಿಲ್ಲದ ದೇಹ ಎಂಬರ್ಥದಲ್ಲಿ ಬರೆದರು. ಅಂದರೆ ಕಥೋಲಿಕರ ಒಳಗೂ ಈ ಆತಂಕ ಇದ್ದೇ ಇದೆ. ಪ್ರೊಟೆಸ್ಟಂಟ್ ಮನೆಗಳ ಪದ್ಧತಿ ಬೇರೆ. ದಿನಕ್ಕೊಂದು ಬೈಬಲ್ ಭಾಗ, ಒಂದು ಗೀತೆ. ಅಲ್ಲೂ ಮೆಲುಕಿದೆ. ನಿಘಂಟಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂದು ಯೇಸುವಿನ ಬದುಕನ್ನು ಕನ್ನಡ ಪದ್ಯಕ್ಕೆ ಇಳಿಸಿದರು. ಗದ್ಯದಲ್ಲಿ ಒಂದು ಸಲ ಓದಿದ್ದು ಮರೆಯುತ್ತದೆ, ಹಾಡಾಗಿ ಹತ್ತಿದ್ದು ಅಡುಗೆಮನೆಯಲ್ಲೂ ಗುನುಗುತ್ತದೆ.

ಎರಡನೆಯ ಆಕ್ಷೇಪ, ಧ್ಯಾನ ಎಂಬುದೇ ನಮ್ಮದಲ್ಲ, ಹೊರಗಿನಿಂದ ಬಂದದ್ದು ಎಂಬುದು. ಈ ಮಾತನ್ನು ಎರಡು ಕಡೆಯವರೂ ಆಡುತ್ತಾರೆ; ಇದು ಹಿಂದೂ ಯೋಗದ ನಕಲು ಎಂದು ಕೆಲವು ಕ್ರೈಸ್ತರು, ನಮ್ಮದನ್ನು ಎತ್ತಿಕೊಂಡು ಹೋದರೆಂದು ಕೆಲವು ಹಿಂದೂಗಳು. ಐರಿಷ್ ಮೂಲದ ಬೆನೆಡಿಕ್ಟೈನ್ ಸನ್ಯಾಸಿ ಜಾನ್ ಮೇಯ್ನ್ ಅವರ ಕತೆಯೇ ಇದಕ್ಕೆ ತಕ್ಕ ಉತ್ತರ. 1950ರ ದಶಕದಲ್ಲಿ ಮಲಯದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದಾಗ ಅವರಿಗೆ ಮಂತ್ರಧ್ಯಾನ ಹೇಳಿಕೊಟ್ಟವರು ಸ್ವಾಮಿ ಸತ್ಯಾನಂದರು. ಹೇಳಿಕೊಡುವಾಗ ಕ್ರೈಸ್ತ ಪದವನ್ನೇ ಹಿಡಿ ಎಂದರು. ಮುಂದೆ ಮಠ ಸೇರಿದಾಗ ಅದನ್ನು ಬಿಡಬೇಕೆಂದು ಅಪ್ಪಣೆಯಾಯಿತು, ಮೇಯ್ನ್ ಬಿಟ್ಟರು. ವರ್ಷಗಳ ನಂತರ ಕಾಸಿಯನ್ ಗ್ರಂಥ ತಿರುವಿ ಹಾಕುವಾಗ, ಸ್ವಾಮಿ ಕಲಿಸಿದ್ದು ತಮ್ಮ ಸಭೆಯ ಹಳೆಯ ಪೆಟ್ಟಿಗೆಯಲ್ಲೇ ಇತ್ತೆಂದು ಗೊತ್ತಾಯಿತು. ‘ಪ್ರಭುವೇ ಬಾ’ ಎಂಬರ್ಥದ ಅರಮಾಯಿಕ್ ಪದ ‘ಮಾರನಾಥ’ವನ್ನು ಬೆಳಿಗ್ಗೆ, ಸಂಜೆ ಇಪ್ಪತ್ತು–ಮೂವತ್ತು ನಿಮಿಷ ಮನಸ್ಸಿನಲ್ಲಿ ನುಡಿಯುವ ಪದ್ಧತಿ ಹರಡಿದ್ದು ಹೀಗೆ. ವ್ಯಾಟಿಕನ್ ಇದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. 1989ರ ಅಕ್ಟೋಬರಿನಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಸಹಿ ಮಾಡಿದ ಪತ್ರವೊಂದು, ಪೂರ್ವದೇಶಗಳ ವಿಧಾನಗಳನ್ನು ಸಾರಾಸಗಟು ತಳ್ಳಿಹಾಕಬೇಕಿಲ್ಲ ಎಂದಿತು. ಆದರೆ ಆಸನ ಉಸಿರಾಟಗಳಿಂದ ಸಿಗುವ ನೆಮ್ಮದಿಯನ್ನೇ ದೇವರ ಅನುಭವ ಎಂದು ತಿಳಿಯಬಾರದು ಎಂದೂ ಎಚ್ಚರಿಸಿತು. ಈ ಎಚ್ಚರಿಕೆಯಲ್ಲಿ ಹುರುಳಿದೆ. ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಬರುತ್ತದೆ ಎಂಬ ಕಾರಣಕ್ಕೆ ಮಾಡುವುದು ಬೇರೆ, ಒಬ್ಬರೊಡನೆ ಮಾತಿಗೆ ಕೂರುವುದು ಬೇರೆ. ಕರ್ನಾಟಕದಲ್ಲಿ ಈ ಗಡಿಯ ಮೇಲೆ ನಡೆದು ತೋರಿಸಿದವರಿದ್ದಾರೆ. ಬೀಡ್ ಗ್ರಿಫಿತ್ಸ್ 1955ರಲ್ಲಿ ಇಂಗ್ಲೆಂಡಿನಿಂದ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯ ಬಳಿ. ಡಿ.ಎಸ್. ಅಮಲೋರ್ಪವದಾಸ್ 1979ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಕಟ್ಟಿ, ನೆಲದ ಮೇಲೆ ಕುಳಿತು ಧ್ಯಾನಿಸುವ ಕ್ರೈಸ್ತ ಬದುಕಿಗೆ ಒಂದು ಮನೆ ಮಾಡಿಕೊಟ್ಟರು. ಅಷ್ಟಕ್ಕೂ ಹೊರಗಿನದು, ಒಳಗಿನದು ಎಂಬ ವಾದ ಈ ಸೀಮೆಯಲ್ಲಿ ಹೆಚ್ಚು ದೂರ ಸಾಗದು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲಿ ಜೈನಮುನಿ ಸುದತ್ತನ ಕತೆ ಇದೆ, ಅದರಿಂದ ಹೊಯ್ಸಳರ ಹೆಸರು ಹುಟ್ಟಿತೆಂಬ ಐತಿಹ್ಯವಿದೆ. ಅತ್ತ ಬಾಬಾಬುಡನ್ ಗಿರಿಗೆ ಏಳು ಕಾಫಿ ಬೀಜ ತಂದ ಸೂಫಿಯ ಐತಿಹ್ಯ. ಯೆಮನಿನ ಸೂಫಿಗಳು 15ನೇ ಶತಮಾನದಲ್ಲಿ ಕಾಫಿ ಕುಡಿಯುತ್ತಿದ್ದದ್ದು ರಾತ್ರಿಯಿಡೀ ದೇವರ ಹೆಸರನ್ನು ಮತ್ತೆ ಮತ್ತೆ ನುಡಿಯುವಾಗ ನಿದ್ದೆ ಬಾರದಿರಲೆಂದು. ಈ ಗುಡ್ಡಗಳನ್ನು ಸಾಕುತ್ತಿರುವ ಬೆಳೆಯೇ ಜಪದ ಜೊತೆಗಾರನಾಗಿ ಜಗತ್ತಿಗೆ ಬಂದದ್ದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಹೆಂಗಸಿಗೆ, ಸೋರುವ ಲೈನ್ ಮನೆಯಲ್ಲಿರುವವರಿಗೆ ಧ್ಯಾನದ ಉಪದೇಶ ಮಾಡುವುದು, ಬೇಕಾದ್ದನ್ನು ಕೊಡದೆ ಸಮಾಧಾನದ ಮಾತು ಕೊಟ್ಟಂತಲ್ಲವೇ? ಇದಕ್ಕೂ ವೇಯ್ಲ್ ಅವರ ಬದುಕಿನಲ್ಲೇ ಸಾಕ್ಷಿ ಸಿಗುತ್ತದೆ. ದ್ರಾಕ್ಷಿ ಕೊಯ್ಲಿಗೆ ಮುಂಚೆ, 1934ರ ಡಿಸೆಂಬರಿನಿಂದ ಮರುವರ್ಷದ ಆಗಸ್ಟಿನವರೆಗೆ, ಅವರು ಪ್ಯಾರಿಸಿನ ಕಾರ್ಖಾನೆಗಳಲ್ಲಿ ಮಾಡಿದಷ್ಟಕ್ಕೆ ಕೂಲಿ ಪಡೆಯುವ ಕೆಲಸ ಮಾಡಿದ್ದರು. ಅಲ್ಲಿ ಎಣಿಕೆಯ ಒತ್ತಡ ಯೋಚನೆಯನ್ನೇ ಕೊಂದುಬಿಡುತ್ತದೆ, ಮನುಷ್ಯ ಗುಲಾಮನಾಗುತ್ತಾನೆ ಎಂದು ಕಂಡುಕೊಂಡರು. ಅಂದರೆ ಯಾವ ಕೆಲಸದ ಪಕ್ಕದಲ್ಲಾದರೂ ಧ್ಯಾನ ಕೂಡುತ್ತದೆ ಎಂಬುದು ಸುಳ್ಳು. ಕೂಡಬೇಕಾದರೆ ಕೆಲಸಕ್ಕೆ ಒಂದು ಹದ ಬೇಕು, ಮೈಗೆ ವಿಶ್ರಾಂತಿ ಬೇಕು. ಬೈಬಲಿನ ಧರ್ಮೋಪದೇಶಕಾಂಡ ಏಳನೆಯ ದಿನದ ಬಿಡುವನ್ನು ವಿಧಿಸುವಾಗ, ನಿನ್ನಂತೆಯೇ ನಿನ್ನ ಆಳುಗಳಿಗೂ ವಿಶ್ರಾಂತಿ ಸಿಗಲಿ ಎಂದು ಕಾರಣ ಕೊಡುತ್ತದೆ. ಭಾರತದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲೂ ವಾರದ ರಜೆಯ ಮಾತಿತ್ತು, ಮನೆ, ಕುಡಿಯುವ ನೀರಿನ ಮಾತೂ ಇತ್ತು. ಹೀಗಾಗಿ ಧ್ಯಾನದ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳುವ ತೋಟದ ಒಡೆಯ ಕೂಲಿಯ ವಾದವನ್ನೂ ತೆಗೆದುಕೊಳ್ಳಬೇಕಾಗುತ್ತದೆ. ಆಳಿಗೆ ಬಿಡುವು ಕೊಡದೆ ತಾನೊಬ್ಬನೇ ಕಣ್ಣುಮುಚ್ಚಿ ಕುಳಿತರೆ, ಅದು ಬೈಬಲ್ ಹೇಳುವ ಧ್ಯಾನವಲ್ಲ. ಹಾಗೆಂದು ಕೂಲಿ ಏರುವವರೆಗೂ ಬಡವರು ಪ್ರಾರ್ಥಿಸಕೂಡದು ಎನ್ನುವುದೂ ಒಂದು ಬಗೆಯ ದೌಲತ್ತೇ. ಜಪಸರವನ್ನು ಉಳಿಸಿದವರು ಅವರೇ ಅಲ್ಲವೇ?

ಹಾಗಾದರೆ ದಿನದಲ್ಲಿ ಇದು ಕಾಣುವುದು ಹೇಗೆ? ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಕಾಡಾನೆಗಳು ತಿರುಗಾಡುವ ತೋಟದಲ್ಲಿ ಕಣ್ಣುಮುಚ್ಚುವ ಧ್ಯಾನ ಅಪಾಯಕಾರಿ. ಮಳೆಗಾಲದಲ್ಲಿ ಇಂಬಳಗಳೂ ಬಿಡುವುದಿಲ್ಲ. ಕಾಸಿಯನ್ ಹೇಳಿದಂತೆ ಕಣ್ಣು ತೆರೆದು, ನಡೆಯುವ ಕಾಲಿಗೆ ಒಂದು ಚಿಕ್ಕ ಮಾತನ್ನು ಜೋಡಿಸಿಕೊಳ್ಳುವುದೇ ಇಲ್ಲಿಗೆ ಒಗ್ಗುವ ಕ್ರಮ. ಚಿಗುರು ತೆಗೆಯುವುದು, ಕಳೆ ತೆಗೆಯುವುದು, ಕಣದಲ್ಲಿ ಕಾಫಿ ಕೆದಕುವುದು ಇದಕ್ಕೆ ಹೇಳಿಮಾಡಿಸಿದ ಕೆಲಸಗಳು. ಏಣಿ ಹತ್ತಿ ಮರಗಸಿ ಮಾಡುವುದು ಖಂಡಿತ ಅಲ್ಲ, ಅಲ್ಲಿ ಕೊಂಬೆಯ ಮೇಲಷ್ಟೇ ಗಮನವಿರಬೇಕು. ಸಂಜೆಗೆ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಶೋಧನೆ ಇದೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಅಭ್ಯಾಸಗಳು’ ಕೃತಿಯಲ್ಲಿ ದಿನಕ್ಕೆರಡು ಗೆರೆಗಳ ಒಂದು ಪಟ್ಟಿಯೇ ಇದೆ. ತಿದ್ದಿಕೊಳ್ಳಬೇಕೆಂದುಕೊಂಡ ತಪ್ಪಿಗೆ ಎಷ್ಟು ಸಲ ಜಾರಿದೆವೋ ಅಷ್ಟು ಚುಕ್ಕಿ ಇಡಬೇಕು, ನಿನ್ನೆಯ ಗೆರೆಯನ್ನು ಇಂದಿನ ಗೆರೆಯೊಡನೆ ಹೋಲಿಸಬೇಕು. ತೋಟದ ರೈಟರು ಚೆಕ್‌ರೋಲ್ ಬರೆಯುವುದನ್ನು ನೋಡಿದವರಿಗೆ ಇದು ಹೊಳೆಯಲು ಹೆಚ್ಚು ಹೊತ್ತು ಬೇಕಾಗದು, ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹಾಜರಿ ಕೂಗುವವನೂ ತಾನೇ, ಓಗೊಡುವವನೂ ತಾನೇ. ಮನಸ್ಸು ಓಡುತ್ತದೆ ಎಂಬ ದೂರು ಎಲ್ಲರದೂ. ಅಂತೋಣಿಯವರ ಮನಸ್ಸೂ ಓಡಿತ್ತು. ಓಡಿದ್ದನ್ನು ಗಮನಿಸಿ ಮರಳಿ ತರುವುದು ಧ್ಯಾನಕ್ಕೆ ಅಡ್ಡಿಯಲ್ಲ, ಧ್ಯಾನವೆಂದರೆ ಬಹುಪಾಲು ಅದೇ ಕೆಲಸ.

ಈಗ ಕೆಲವು ಮನೆಗಳಲ್ಲಿ ಮೊಬೈಲಿನಲ್ಲೋ ಟಿವಿಯಲ್ಲೋ ಜಪಸರ ಹಚ್ಚಿಡುವ ರೂಢಿ ಬಂದಿದೆ. ಯಾರದೋ ದನಿ ಹೇಳುತ್ತದೆ, ಮನೆಯವರು ಅವರವರ ಕೆಲಸ ನೋಡಿಕೊಳ್ಳುತ್ತಾರೆ. ವಯಸ್ಸಾದವರಿಗೆ, ಒಂಟಿಯಾಗಿರುವವರಿಗೆ ಅದೊಂದು ಆಸರೆ, ಹಳಿಯುವಂಥದ್ದಲ್ಲ. ಆದರೆ ತೇರ್ಸಿನ ರಚನೆಯಲ್ಲೇ ಒಂದು ಜಾಣತನವಿತ್ತು. ಮುಂದಾಳು ಮೊದಲರ್ಧ ಹೇಳಿದರೆ ಉಳಿದವರು ಉಳಿದರ್ಧ ಹೇಳಬೇಕು. ಪ್ರತಿಯೊಬ್ಬರಿಗೂ ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಕೇಳುವಿಕೆ. ಎಲ್ಲವನ್ನೂ ಯಂತ್ರವೇ ಹೇಳಿದಾಗ ಈ ಕ್ರಮ ತಪ್ಪುತ್ತದೆ. ಸರದಲ್ಲಿ ಹತ್ತು ಮಣಿ ಮುಗಿದು ಮುಂದಿನ ಹತ್ತು ಶುರುವಾಗುವ ನಡುವೆ ಸರಪಳಿಯ ಖಾಲಿ ಜಾಗವಿರುತ್ತದೆ. ಹೊಸ ರಹಸ್ಯವನ್ನು ಸಾರುವುದು ಅಲ್ಲಿಯೇ. ರಹಸ್ಯವನ್ನು ಸಾರಿದ ಕೂಡಲೇ ಮಾತಿಗೆ ಹೊರಡದೆ ತುಸು ಹೊತ್ತು ಸುಮ್ಮನಿರಿ ಎಂದು, ಬೆಳಕಿನ ರಹಸ್ಯಗಳನ್ನು ಸೇರಿಸಿದ 2002ರ ಪತ್ರದಲ್ಲೇ ಪೋಪ್ ಎರಡನೆಯ ಜಾನ್ ಪಾಲ್ ಸೂಚಿಸಿದ್ದರು. ಒಂದೊಂದು ರಹಸ್ಯಕ್ಕೆ ಅರ್ಧ ನಿಮಿಷವೆಂದರೂ ಐದಕ್ಕೆ ಎರಡೂವರೆ ನಿಮಿಷ. ಜುಲೈ ತಿಂಗಳಲ್ಲಿ ಗೋಣಿಬೀಡಿನ ಕಡೆ ಕರೆಂಟು ಹೋದರೆ ಟಿವಿಯೂ ಇಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಹಂಚಿನ ಮೇಲೆ ಸುರಿಯುವ ಮಳೆ, ಮೇಣದಬತ್ತಿ, ಮತ್ತೆ ಯಾರೂ ಮಾತಾಡದ ಆ ಅರ್ಧ ನಿಮಿಷ.